ರಂಪಣಿಗೆ ಬಿದ್ದ ಹಾಲಿಸ್

"ಕಿವಿ ನೋವಂತೆ ಕಿವಿ! ಹಾಸಿಗೆಯಿಂದ ಏಳುವಾಗ ಎಡಗಿವಿ ಅಂದೆ, ತಿಂಡಿ ತಿನ್ನುವಾಗ ಬಲಗಿವಿ ಅಂದೆ. ಒಟ್ಟು ಎಷ್ಟು ಕಿವಿ ಇವೆ ನಿನಗೆ? ಒಂದು ಸಲ ತೋರಿಸಿಬಿಡು, ಎಣಿಸಿಕೊಳ್ತೀನಿ!"

ಜೆಮ್ಮಾ ಟೆಲೆಮಾಕ್ ಇಷ್ಟನ್ನೂ ರೆಸಾರ್ಟಿನ ಕೋಣೆಯೊಳಗೇ ಹೇಳಿದಳು. ಆದರೆ ಕಾರಂಗ್ ಕೊಲ್ಲಿಯಲ್ಲಿ ಕಿಟಕಿಗಳಿಗೆ ಗಾಜಿಲ್ಲ, ಮರದ ಪಟ್ಟಿ ಮಾತ್ರ. ಹೊರಗೆ ಎಳನೀರು ಕೆತ್ತುತ್ತಿದ್ದವನು ಕತ್ತಿ ಕೆಳಗಿಟ್ಟು, ಕಾಲು ಚಾಚಿಕೊಂಡು ಕೂತ.

"ಮೆಲ್ಲಗೆ ಮಾತಾಡೇ, ಜನ ಕೇಳಿಸ್ಕೋತಾರೆ," ಅಂದ ಗಂಡ ಹಾಲಿಸ್.

"ಕೇಳಿಸ್ಕೊಳ್ಳಲಿ! ಅವರ ಕಿವಿಯಾದರೂ ಸರಿ ಇದೆ. ಬಂದ ದಿನ ಗಾಳಿ ಜಾಸ್ತಿ ಅಂದೆ. ಮಾರನೇ ದಿನ ಏಡಿಸಾರು ಕಡುಬು ತಿಂದು ಹೊಟ್ಟೆ ಕೆಟ್ಟಿತು ಅಂದೆ. ಆಮೇಲೆ ಹುಣ್ಣಿಮೆ ಹತ್ತಿರ ಬಂತು, ಅನುಭವ ಇರೋರು ಹುಣ್ಣಿಮೆ ಹತ್ತಿರ ಮುಳುಗಲ್ಲ ಅಂದೆ. ನಾಳೆ ಬೆಳಿಗ್ಗೆ ಹಡಗು ಹತ್ತಿ ಟ್ರಿನಿಡಾಡಿಗೆ ವಾಪಸ್ಸು. ಟೊಬೇಗೊ ದ್ವೀಪಕ್ಕೆ ಬಂದು ನಾನು ನೋಡಿದ್ದೇನು? ಕಟ್ಟೆ ಮೇಲೆ ಕೂತು ನಿನ್ನ ಮುಖ ನೋಡಿದೆ. ಅದನ್ನ ನಮ್ಮೂರು ಅರಿಮಾದಲ್ಲೇ ನೋಡಬಹುದಿತ್ತು, ಬಿಟ್ಟಿಯಾಗಿ!"

"ಸಮುದ್ರ ಅಂದರೆ ಆಟ ಅಲ್ಲ ಜೆಮ್ಮಾ. ಅದರ ಮರ್ಜಿ ಕಾಯಬೇಕು."

"ಇಪ್ಪತ್ತು ವರ್ಷದಿಂದ ಕಾರ್ನಿವಾಲ್‌ಗೆ ಮೀನಿನ ವೇಷ ಹೊಲೀತಾ ಇದ್ದೀನಿ. ರೆಕ್ಕೆ ಹೊಲಿದೆ, ಬಾಲ ಹೊಲಿದೆ, ಒಂದೊಂದು ಹುರುಪೆಗೂ ಮಿಣಿಮಿಣಿ ಬಿಲ್ಲೆ ಹಚ್ಚಿದೆ. ನಿಜವಾದ ಮೀನನ್ನ ತಟ್ಟೆ ಮೇಲೆ ಬಿಟ್ಟು ಬೇರೆ ಎಲ್ಲೂ ನೋಡಿಲ್ಲ. ಇವತ್ತು ನೋಡಲೇಬೇಕು. ನೀನು ಬರ್ತೀಯೋ ಇಲ್ಲವೋ?"

ಹಾಲಿಸ್ ಎರಡೂ ಕಿವಿ ಮುಚ್ಚಿಕೊಂಡ.

ಇಲ್ಲಿ ಒಂದು ವಿಷಯ ಹೇಳಬೇಕು. ಸಿಲಿಂಡರು ಕಟ್ಟಿಕೊಂಡು ಸಮುದ್ರದಡಿ ಮುಳುಗುವ ಈ ಸ್ಕೂಬಾಕ್ಕೆ ಕಟ್ಟುನಿಟ್ಟಾದ ನಿಯಮ ಒಂದಿದೆ: ಒಂಟಿಯಾಗಿ ಯಾರೂ ಇಳಿಯುವಂತಿಲ್ಲ. ಜೋಡಿ ಬೇಕು. ಒಬ್ಬರ ಗಾಳಿ ಮುಗಿದರೆ ಇನ್ನೊಬ್ಬರು ತಮ್ಮದನ್ನು ಹಂಚಿಕೊಳ್ಳಬೇಕು. ನಿಯಮ ಮಾಡಿದವರು ಬುದ್ಧಿವಂತರೇ. ಆದರೆ ಜೋಡಿಯಲ್ಲಿ ಒಬ್ಬ ಬುರುಡೆ ಬಿಡುವವನಾದರೆ ಇನ್ನೊಬ್ಬರು ಏನು ಮಾಡಬೇಕು ಅಂತ ಅವರು ಎಲ್ಲೂ ಹೇಳಿಲ್ಲ.

ಹಾಲಿಸ್ ಟೆಲೆಮಾಕ್ ಅರಿಮಾ ಪಟ್ಟಣದಲ್ಲಿ ನಲ್ಲಿ, ಪೈಪು, ವಾಷರು ಮಾರುವವನು. ಅವನ ಅಂಗಡಿಯ ಗೋಡೆಗೆ ಒಂದು ಶಾರ್ಕಿನ ದವಡೆ ತೂಗುಹಾಕಿದೆ. ಮೀನು ಮಾರ್ಕೆಟ್ಟಿನಲ್ಲಿ ಕೊಂಡದ್ದು. ಆದರೆ ವಾಷರು ಕೇಳಿಕೊಂಡು ಬಂದ ಪ್ರತಿಯೊಬ್ಬನಿಗೂ ಅದರ ಕಥೆ ಬೇರೆ: ಟೋಕೋ ಕರಾವಳಿಯಲ್ಲಿ, ಸಮುದ್ರದ ತಳದಲ್ಲಿ, ಬರಿಗೈಯಲ್ಲಿ ಹಾಲಿಸ್ ಅದರ ಜೊತೆ ಗುದ್ದಾಡಿದ್ದು. ಗಿರಾಕಿಗೆ ಅವಸರವಿದ್ದರೆ ಶಾರ್ಕು ಚಿಕ್ಕದು, ಮಳೆ ಬಂದು ನಿಂತುಕೊಂಡಿದ್ದರೆ ದೊಡ್ಡದು. ಜೆಮ್ಮಾ ಈ ಕಥೆಯನ್ನು ಮದುವೆಗೆ ಮೊದಲೇ ಕೇಳಿ, ಅರ್ಧ ನಂಬಿ, ಆ ಅರ್ಧಕ್ಕೇ ಮದುವೆಯಾಗಿದ್ದಳು. ನಿಜ ಏನೆಂದರೆ, ಹಾಲಿಸ್ ಬಕೆಟ್ಟಿನ ನೀರಿನಲ್ಲಿ ಮುಖ ತೊಳೆಯುವಾಗಲೂ ಕಣ್ಣು ಗಟ್ಟಿಯಾಗಿ ಮುಚ್ಚಿ ಒಂದು ಕೈಯಲ್ಲಿ ಗೋಡೆ ಹಿಡಿದುಕೊಳ್ಳುವ ಆಸಾಮಿ.

ರೆಸಾರ್ಟಿಗೆ ಬಂದ ಸಂಜೆ ಎಲ್ಲರ ಕೈಗೂ ಒಂದೊಂದು ಲೋಟ ರಮ್ ಕೊಟ್ಟರು. ಅರ್ಧ ಲೋಟಕ್ಕೆ ಶಾರ್ಕು ಎದ್ದು ಬಂತು. ಮ್ಯಾನೇಜರ್ ಕ್ರಿಸ್ಪಿನ್, ಮರಳಿನ ಮೇಲೂ ಟೈ ಕಟ್ಟಿಕೊಂಡು ನಡೆಯುವ ಟೊಬೇಗೊದ ಏಕಮಾತ್ರ ಮನುಷ್ಯ, ಬಾಯಿ ಬಿಟ್ಟುಕೊಂಡು ಕೇಳಿದ. ಕೇಳಿ, "ಇಂಥ ಅನುಭವಸ್ಥರು ಮನೆಯಲ್ಲೇ ಇರುವಾಗ ಮೇಡಂಗೆ ಬೇರೆ ಜೋಡಿ ಯಾಕೆ? ಸಾರ್ ಇದ್ದಾರಲ್ಲ!" ಅಂದುಬಿಟ್ಟ. ಹಾಗಾಗಿ ಜೆಮ್ಮಾ ರೆಸಾರ್ಟಿನ ಕೊಳದಲ್ಲಿ ಗೈಡ್ ಕೆಜಾಯಾಳ ಹತ್ತಿರ ಪಾಠ ಕಲಿತು, ಪರೀಕ್ಷೆ ಕೊಟ್ಟು, ಸೈ ಅನ್ನಿಸಿಕೊಂಡಳು. ಹಾಲಿಸ್ ಹೆಗಲಿಗೆ ಟವೆಲು ಹಾಕಿಕೊಂಡು ದಡದಲ್ಲಿ ನಿಂತು ಎಲ್ಲರ ತಪ್ಪು ತಿದ್ದಿದ. ಜೆಮ್ಮಾ ಕೆಜಾಯಾಳನ್ನೇ ಒಂದು ಸಲ ಕೇಳಿನೋಡಿದ್ದಳು. "ಬೆಳಿಗ್ಗೆ ಬೇರೆ ಅತಿಥಿಗಳಿದ್ದಾರೆ ಅಕ್ಕಾ. ಮಧ್ಯಾಹ್ನ ನಮ್ಮ ದೊಡ್ಡಮ್ಮನ ಮೀನುಬಲೆ ಹಗ್ಗ ಎಳೀಬೇಕು. ಆಕೆ ಬಿಡಲ್ಲ," ಅಂದಿದ್ದಳು ಆ ಹುಡುಗಿ.

ಕೋಣೆಯಲ್ಲಿ ಜೆಮ್ಮಾ ಇನ್ನೊಂದು ಸುತ್ತಿಗೆ ಉಸಿರು ಎಳೆದುಕೊಳ್ಳುತ್ತಿದ್ದಾಗ ಹೊರಗೆ ಶಂಖ ಕೂಗಿತು.

ಶಂಖ ಕೂಗಿತೆಂದರೆ ಕೊಲ್ಲಿಗೆ ಮೀನಿನ ಹಿಂಡು ಬಂದಿದೆ, ರಂಪಣಿ ಬಲೆ ಬಿಟ್ಟಿದ್ದಾರೆ, ಕೈ ಕಾಲು ಇರುವವರೆಲ್ಲ ಬಂದು ಹಗ್ಗ ಹಿಡಿಯಿರಿ ಎಂದು ಅರ್ಥ. ಹಗ್ಗಕ್ಕೆ ಕೈ ಹಚ್ಚಿದ ಪ್ರತಿಯೊಬ್ಬರಿಗೂ ಪಾಲು. ಪಾದ್ರಿಗೂ ಅಷ್ಟೇ, ಕುಡುಕನಿಗೂ ಅಷ್ಟೇ. ಶಂಖ ಇನ್ನೂ ಎರಡು ಸಲ ಕೂಗಿತು, ಆಮೇಲೆ ಯಾಕೋ ಗಂಟಲು ಕಟ್ಟಿದ ಹಾಗೆ ನಿಂತುಹೋಯಿತು. ಸ್ವಲ್ಪ ಹೊತ್ತಿಗೆ ಕೋಣೆಯ ಬಾಗಿಲು ಗೋಡೆಗೆ ಬಡಿಯಿತು.

ಬಾಗಿಲು ತಟ್ಟುವ ಅಭ್ಯಾಸ ಟಾಂಟಿ ಯೂನಾಗೆ ಇಲ್ಲ. ಬಲೆಯ ಒಡತಿ, ಕೆಜಾಯಾಳ ದೊಡ್ಡಮ್ಮ, ಊರಿಗೆಲ್ಲ ಟಾಂಟಿ, ಅಂದರೆ ಅತ್ತೆ. ಆಕೆಯ ಲಂಗ ಒದ್ದೆ, ಕೈ ಒದ್ದೆ, ಮಾತು ಮಾತ್ರ ಒಣ.

"ಯಾರದು, ಶಾರ್ಕು ಕೊಂದ ಗಂಡಸು?"

"ಇವನೇ," ಅಂದಳು ಜೆಮ್ಮಾ, ಬೆರಳು ತೋರಿಸಿ. ಇಷ್ಟು ಬೇಗ ಆಕೆ ಯಾವತ್ತೂ ಗಂಡನ ಪರಿಚಯ ಮಾಡಿಕೊಟ್ಟಿರಲಿಲ್ಲ.

"ಬಲೆ ಬಂಡೆಗೆ ಸಿಕ್ಕಿಕೊಂಡಿದೆ. ಮುಳುಗಿ ಬಿಡಿಸೋಳು ನಮ್ಮ ಕೆಜಾಯಾ. ಅವಳು ಬಿಳೀ ಮಂದೀನ ಕಟ್ಟಿಕೊಂಡು ದೋಣಿಯಲ್ಲಿ ಹೋಗಿದ್ದಾಳೆ, ಮಧ್ಯಾಹ್ನದವರೆಗೆ ಬರಲ್ಲ. ಎಳೆದರೆ ಬಲೆ ಹರಿಯುತ್ತೆ. ಎಳೀದಿದ್ದರೆ ಮೀನು ಹೋಗುತ್ತೆ. ಊರಿಗೆ ಊರೇ ಹಗ್ಗ ಹಿಡಿದು ನಿಂತಿದೆ. ಏಳಪ್ಪಾ, ನಡಿ."

"ಟಾಂಟಿ, ನಾನು ಖಂಡಿತ ಬರ್ತಿದ್ದೆ. ಆದರೆ ನನ್ನ ಕಿವಿ…"

"ಬಲೆ ಬಿಡಿಸೋದು ಕೈಯಿಂದ. ಕಿವಿ ಬೇಕಾದರೆ ಇಲ್ಲೇ ಬಿಟ್ಟು ಬಾ."

"ಹುಣ್ಣಿಮೆ ಬೇರೆ ಹತ್ತಿರ…"

ಟಾಂಟಿ ಸೊಂಟಕ್ಕೆ ಕೈಯಿಟ್ಟು ಅವನನ್ನು ಬುಡದಿಂದ ತಲೆಯವರೆಗೆ ನೋಡಿದಳು. "ಟ್ರಿನಿಡಾಡಿನವರು ಹೀಗೇ ಅಂತ ನಮ್ಮಪ್ಪ ಹೇಳ್ತಿದ್ದ. ಬಾಯಿ ಎರಡೂ ದ್ವೀಪಕ್ಕೆ ಸಾಕಾಗೋಷ್ಟು, ಕೈ ಮಾತ್ರ ಜೇಬಲ್ಲಿ."

ಎಳನೀರಿನವನು ಕಿಟಕಿಯಾಚೆ ಕಿಸಕ್ಕನೆ ನಕ್ಕ. ಹಾಲಿಸ್‌ಗೆ ಆ ನಗು ಚುಚ್ಚಿತು. ತನ್ನ ಹೆಂಡತಿಯ ಎದುರಿಗೆ, ತನ್ನ ದ್ವೀಪಕ್ಕೇ ಅವಮಾನ! ಅವನು ಎದ್ದು ನಿಂತ. "ಕಿವಿ ವಾಸಿಯಾಯ್ತು," ಅಂದ. ಅಂದಮೇಲೆ ತಾನು ಏನಂದೆ ಅಂತ ಅವನಿಗೇ ಕೇಳಿಸಿತು. ಆಗ ತಡವಾಗಿತ್ತು.

"ಹಾಗಾದರೆ ನಾನೂ ಬಂದೆ," ಅಂದಳು ಜೆಮ್ಮಾ. "ಜೋಡಿ ಇಲ್ಲದೆ ಮುಳುಗಬಾರದು, ನಿಯಮ."

ರಬ್ಬರಿನ ಬಟ್ಟೆಯನ್ನು ಹಾಲಿಸ್ ಹಿಂದುಮುಂದಾಗಿ ತೊಟ್ಟುಕೊಂಡ. ಅದರ ಜಿಪ್ಪು ಬೆನ್ನಿಗೆ ಬರಬೇಕು. ಅವನು ಕೋಟಿನ ಹಾಗೆ ಮುಂದಕ್ಕೆ ಹಾಕಿ, ಹೊಟ್ಟೆ ಒಳಗೆಳೆದು, ಗಡ್ಡದವರೆಗೆ ಎಳೆದುಕೊಂಡ. ಕತ್ತು ತಿರುಗಿಸಲು ಆಗಲಿಲ್ಲ. ದಡದಲ್ಲಿ ಹಗ್ಗ ಹಿಡಿದು ನಿಂತಿದ್ದವರು ಅವನನ್ನು ಕಂಡು ಗೌರವದಿಂದ ಸುಮ್ಮನಾದರು.

"ಟ್ರಿನಿಡಾಡಿನಲ್ಲಿ ಈಗ ಹೀಗೆ ಹಾಕ್ಕೋತಾರೆ ಅಂತ ಕಾಣುತ್ತೆ," ಅಂದ ಕಾನ್‌ಸ್ಟೇಬಲ್ ಟ್ರಿಮ್. ಅವನೂ ಪ್ಯಾಂಟು ಮಡಚಿ, ಬೂಟು ಕಳಚಿಟ್ಟು, ಹಗ್ಗದ ಸಾಲಿನಲ್ಲಿದ್ದ. ಟೋಪಿ ಮಾತ್ರ ತೆಗೆದಿರಲಿಲ್ಲ. ಅದಿದ್ದರೆ ಡ್ಯೂಟಿ ಮೇಲಿದ್ದ ಲೆಕ್ಕ.

ಚಿಕ್ಕ ದೋಣಿಯಲ್ಲಿ ಇಬ್ಬರನ್ನೂ ಬಲೆಯನ್ನು ತೇಲಿಸುವ ಬೆಂಡುಗಳ ಹತ್ತಿರ ಬಿಟ್ಟರು. ಜೆಮ್ಮಾ ಮುಖಗವಸು ಒತ್ತಿಕೊಂಡಳು, ಬಾಯಿನಳಿಗೆ ಕಚ್ಚಿಕೊಂಡಳು, ಹಿಂದಕ್ಕೆ ವಾಲಿ ಬಿದ್ದಳು. ಸದ್ದೇ ಇಲ್ಲ. ಹಾಲಿಸ್ ದೋಣಿಯ ಅಂಚಿನಲ್ಲಿ ಕೂತು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಬೆರಳೆತ್ತಿ ನೋಡಿದ. ಎರಡನೇ ಸಲ ನೋಡಿದ. ಮೂರನೇ ಸಲ ನೋಡುವಷ್ಟರಲ್ಲಿ ಹುಟ್ಟು ಹಾಕುವವನು ಪಾದದಿಂದ ಒಂದು ಸಣ್ಣ ಸಹಾಯ ಮಾಡಿದ.

ಮುಳುಗುವವರ ಮೈಮೇಲೆ ಗಾಳಿ ತುಂಬುವ ಅಂಗಿ ಇರುತ್ತದೆ. ಅದಕ್ಕೆ ಎರಡು ಗುಂಡಿ. ಒಂದು ಒತ್ತಿದರೆ ಗಾಳಿ ಹೋಗಿ ಮನುಷ್ಯ ಇಳಿಯುತ್ತಾನೆ, ಇನ್ನೊಂದು ಒತ್ತಿದರೆ ಗಾಳಿ ತುಂಬಿ ಏರುತ್ತಾನೆ. ನೀರು ಮೂಗಿಗೆ ಬಡಿದದ್ದೇ ಹಾಲಿಸ್ ಕೈಗೆ ಸಿಕ್ಕಿದ ಗುಂಡಿ ಒತ್ತಿದ. ಒತ್ತಿದವನು ಬಿಡಲಿಲ್ಲ. ಎಣ್ಣೆಗೆ ಬಿದ್ದ ಪೂರಿಯ ಹಾಗೆ ಉಬ್ಬಿ ಮೇಲೆ ಬಂದ, ಬೆಂಡಿನ ಸಾಲಿನ ಈಚೆಗೆ, ನಡುಬಲೆಯಲ್ಲಿ, ಅಂಗಾತ. ಅತ್ತ ತಿರುಗಲು ಅಂಗಿ ಬಿಡದು, ಇತ್ತ ತಿರುಗಲು ಜಿಪ್ಪು ಬಿಡದು. ಆಕಾಶ ಮಾತ್ರ ಧಾರಾಳವಾಗಿ ಕಾಣುತ್ತಿತ್ತು.

ಕೆಳಗೆ ಜೆಮ್ಮಾ ಏನು ಮಾಡಿದಳು ಎನ್ನುವುದು ದಡಕ್ಕೆ ಕಾಣಲಿಲ್ಲ. ದಡಕ್ಕೆ ತಿಳಿದದ್ದು ಇಷ್ಟೇ: ಕಬ್ಬಿಣದ ಹಾಗೆ ಬಿಗಿದಿದ್ದ ಹಗ್ಗ ಒಮ್ಮೆಲೇ ಸಡಿಲವಾಗಿ, ಕಾರಂಗ್ ಕೊಲ್ಲಿಯ ಸಮಸ್ತರೂ ಸಾಲಾಗಿ ಕುಂಡೆಯ ಮೇಲೆ ಕೂತರು. ಕಾನ್‌ಸ್ಟೇಬಲ್ ಟ್ರಿಮ್ ಶಾಲೆಯ ಮೇಡಂ ತೊಡೆಯ ಮೇಲೆ ಕೂತ. ಅದನ್ನು ಯಾರೂ ನೋಡಲಿಲ್ಲ ಅಂತ ಇಬ್ಬರೂ ಒಪ್ಪಿಕೊಂಡರು.

"ಬಿಡ್ತು! ಎಳೀರೋ!" ಟಾಂಟಿ ಕೂಗಿದಳು.

ಬಲೆ ಸುತ್ತು ಕಿರಿದಾಗುತ್ತ ಬಂತು. ಒಳಗೆ ಮೀನು ಕುದಿಯತೊಡಗಿತು. ಹೆಜ್ಜಾರ್ಲೆ ಹಕ್ಕಿಗಳು ಒಂದೊಂದಾಗಿ ಬಿದ್ದು, ಚೀಲದಂಥ ಕೊಕ್ಕು ತುಂಬಿಕೊಂಡು ಎದ್ದವು. ಅವುಗಳಲ್ಲಿ ಒಂದಕ್ಕೆ ತೇಲುವ ಹಾಲಿಸ್ ಹಿಡಿಸಿತು. ಅವನ ಹೊಟ್ಟೆಯ ಮೇಲೆ ಕೂತು ರೆಕ್ಕೆ ಒಣಗಿಸಿಕೊಂಡಿತು. ಬಾಯಿನಳಿಗೆ ಕಚ್ಚಿಕೊಂಡೇ ಅವನು "ಬೂ! ಬೂ!" ಎಂದು ಅರಚಿದ.

"ಆಹಾ, ನೋಡಿ! ಬಲೆಯೊಳಗೇ ಇದ್ದುಕೊಂಡು ಮೀನು ಅಟ್ಟುತ್ತಾ ಇದ್ದಾನೆ!" ಅಂದಳು ಶಾಲೆಯ ಮೇಡಂ.

"ಹಕ್ಕೀನೂ ಪಳಗಿಸಿದ್ದಾನೆ!" ಅಂದ ಕಾನ್‌ಸ್ಟೇಬಲ್.

ಹೀಗೆ ಮೀನಿನ ರಾಶಿಯ ನಡುವೆ, ಕಾಲಿಗೆ ಈಜುವ ರಬ್ಬರಿನ ಕಪ್ಪೆಪಾದ, ಎದೆಗೆ ಜಿಪ್ಪು, ಹೊಟ್ಟೆಗೆ ಹಕ್ಕಿ ಸಮೇತ ಹಾಲಿಸ್ ಮರಳಿಗೆ ಬಂದು ಬಿದ್ದ. ಜನ ಚಪ್ಪಾಳೆ ತಟ್ಟಿದರು. ಆಗ ಅವನು ಸುಮ್ಮನೆ ಎದ್ದು ಕೈಮುಗಿದು ಹೋಗಿದ್ದರೆ ಆ ಊರಿನಲ್ಲಿ ಅವನ ಹೆಸರು ಉಳಿಯುತ್ತಿತ್ತು. ಆದರೆ ಚಪ್ಪಾಳೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದು ಹಾಲಿಸ್‌ಗೆ ಹುಟ್ಟಿನಿಂದ ಬಂದದ್ದಲ್ಲ.

"ಬಂಡೆ ಸ್ವಲ್ಪ ಹಟಮಾರಿ," ಎಂದು ಶುರುಮಾಡಿದ, ನಳಿಗೆ ಉಗಿದು. "ಎಡದಿಂದ ನೋಡಿದೆ, ಆಗಲಿಲ್ಲ. ಬಲದಿಂದ ಹೋದೆ. ಒಂದೇ ಏಟು!"

"ಯಾವ ಬಂಡೆ?" ಅಂದಳು ಟಾಂಟಿ.

"ಬಲೆ ಸಿಕ್ಕಿಕೊಂಡಿತ್ತಲ್ಲ, ಅದೇ."

"ಅದು ಇದ್ದದ್ದು ಬಲೆಯ ಹೊರಗೆ. ನೀನು ಇದ್ದದ್ದು ಒಳಗೆ."

ಆಗಲೇ ಜೆಮ್ಮಾ ನೀರಿನಿಂದ ನಡೆದುಕೊಂಡು ಬಂದಳು. ಕೈಬೆರಳುಗಳ ಗೆಣ್ಣು ತರಚಿತ್ತು. ಬೆನ್ನ ಮೇಲೆ ಸಿಲಿಂಡರು, ತಲೆಯಲ್ಲಿ ಪಾಚಿ, ಮುಖದ ತುಂಬ ನಗು. ಅಂಥ ನಗು ಹಾಲಿಸ್ ನೋಡಿ ಬಹಳ ವರ್ಷವಾಗಿತ್ತು. "ಟಾಂಟೀ! ಬಂಡೆಯ ಸಂದಿಯಲ್ಲಿ ಒಂದು ನೀಲಿ ಮೀನು! ನೀಲಿ ಅಂದರೆ ಎಂಥ ನೀಲಿ! ನಾನು ಇಷ್ಟು ವರ್ಷ ತಪ್ಪು ನೀಲಿ ಹಚ್ಚಿದ್ದೀನಿ!"

ಊರಿನವರು ಜೆಮ್ಮಾಳ ಗೆಣ್ಣು ನೋಡಿದರು. ಹಾಲಿಸ್‌ನ ಗೆಣ್ಣು ನೋಡಿದರು. ಅವು ಬೆಣ್ಣೆಯ ಹಾಗಿದ್ದವು. ಚಪ್ಪಾಳೆ ನಿಂತಿತು.

ಹಾಲಿಸ್ ಮೆಲ್ಲಗೆ ಎದ್ದು, ಬಲೆ ದಾಟಲು ಒಂದು ಕಪ್ಪೆಪಾದ ಎತ್ತಿದ.

"ಕಾಲು ಒಳಗಿಡು," ಅಂದಳು ಟಾಂಟಿ.

"ಯಾಕೆ?"

"ಪಾಲು ಆಗೋವರೆಗೆ ಬಲೆಯಿಂದ ಏನೂ ಹೊರಗೆ ಹೋಗಬಾರದು. ನಮ್ಮಜ್ಜನ ಕಾಲದ ಕಟ್ಟಳೆ. ಬಲೆಗೆ ಬಿದ್ದದ್ದೆಲ್ಲ ಬಲೆಯದು. ಅರ್ಧ ಒಡತಿಗೆ, ಅರ್ಧ ಹಗ್ಗಕ್ಕೆ."

"ನಾನು ಮನುಷ್ಯ!"

"ಆಯ್ತು. ಏನು ತೊಂದರೆ? ಹಿಂದೆ ಒಂದು ದೋಣಿ ಎಂಜಿನ್ ಬಂತು. ಪಾಲು ಮಾಡಿದೆವು. ಗಾಳಿಮಳೆಗೆ ತೇಲಿಹೋಗಿದ್ದ ಆಡು ಬಂತು. ಅದನ್ನೂ ಮರ್ಯಾದೆಯಿಂದ ಪಾಲು ಮಾಡಿದೆವು."

"ಆಡನ್ನ ಹೇಗೆ ಪಾಲು ಮಾಡಿದಿರಿ?"

"ಸಾರು."

ಹಾಲಿಸ್ ಎತ್ತಿದ ಕಾಲನ್ನು ಮೆಲ್ಲನೆ ಒಳಗಿಟ್ಟ. ಅವನ ಕಣ್ಣು ಕಾನ್‌ಸ್ಟೇಬಲನ್ನು ಹುಡುಕಿತು. "ಸ್ವಾಮೀ, ನೀವು ಪೊಲೀಸರು. ಇಲ್ಲಿ ಕಾನೂನು ಅಂತ ಏನಾದರೂ ಇದೆಯೋ?"

ಟ್ರಿಮ್ ಟೋಪಿ ಸರಿಮಾಡಿಕೊಂಡು ಗಂಟಲು ಕೆರೆದ. "ಕಾನೂನಿಗೆ ಮುಂಚೆ ಒಂದು ಮಾತು ಸ್ಪಷ್ಟಪಡಿಸಬೇಕು. ನಾನೂ ಹಗ್ಗ ಎಳೆದಿದ್ದೀನಿ. ಆದ್ದರಿಂದ ನಿಮ್ಮಲ್ಲಿ ನಂದೂ ಪಾಲಿದೆ."

"ನಂದೂ," ಅಂದಳು ಶಾಲೆಯ ಮೇಡಂ.

"ನನಗೆ ಮೇಲರ್ಧ ಬೇಡಪ್ಪ," ಅಂದಳು ಟಾಂಟಿ. "ಅದು ಮಾತಾಡೋ ಭಾಗ. ಕೆಳಗಿನರ್ಧ ನನಗಿರಲಿ, ಮರಳಲ್ಲಿ ಊರಿ ನಿಲ್ಲೋಕೆ ಬರುತ್ತೆ."

ಗಲಾಟೆ ಕೇಳಿ ಮ್ಯಾನೇಜರ್ ಕ್ರಿಸ್ಪಿನ್ ಮರಳಿನಲ್ಲಿ ಬೂಟು ಹೂಳಿಕೊಳ್ಳುತ್ತ ಓಡಿಬಂದ. "ಏನಿದು, ಏನಿದು! ಸಾರ್ ನಮ್ಮ ಅತಿಥಿ! ರಬ್ಬರ್ ಬಟ್ಟೆ ರೆಸಾರ್ಟಿನದು, ಸಿಲಿಂಡರ್ ರೆಸಾರ್ಟಿನದು!"

"ಸಿಪ್ಪೆ ನೀನು ತಗೋ," ಅಂದಳು ಟಾಂಟಿ. "ಒಳಗಿನದು ನಮ್ಮದು."

ಈ ಮಾತಿಗೆ ಎಂಥ ನಗು ಎದ್ದಿತೆಂದರೆ ಹೆಜ್ಜಾರ್ಲೆಗಳು ಹೆದರಿ ಹಾರಿದವು. ಕ್ರಿಸ್ಪಿನ್ ಟೈ ಎಳೆದುಕೊಳ್ಳುತ್ತ ಜೆಮ್ಮಾ ಕಡೆ ತಿರುಗಿದ. "ಮೇಡಂ, ನೀವಾದರೂ ಹೇಳಿ. ನಿಮ್ಮ ಯಜಮಾನರು."

ಜೆಮ್ಮಾ ಯಜಮಾನರ ಕಡೆ ನೋಡಲೇ ಇಲ್ಲ. ಆಕೆಯ ಕಣ್ಣು ಕಟ್ಟೆಯ ಮೇಲಿತ್ತು. ರೆಸಾರ್ಟಿನ ದೋಣಿ ಬೆಳಗಿನ ಅತಿಥಿಗಳನ್ನು ಇಳಿಸುತ್ತಿತ್ತು. ಕೆಜಾಯಾ ಒದ್ದೆ ಜಡೆ ಹಿಂಡುತ್ತ ಹಗ್ಗದ ಕಡೆಗೆ ಬರುತ್ತಿದ್ದಳು.

"ಮಧ್ಯಾಹ್ನದ ದೋಣಿ ಯಾವಾಗ ಹೊರಡುತ್ತೆ?" ಎಂದು ಕೇಳಿದಳು ಜೆಮ್ಮಾ.

"ಸಿಲಿಂಡರು ಬದಲಾಯಿಸಿದ ತಕ್ಷಣ. ಆದರೆ ಮೇಡಂ, ಜೋಡಿ…"

"ಜೋಡಿ ಬಲೆಯಲ್ಲಿದೆ. ಕಾಣುತ್ತೆ ನನಗೆ. ಕೆಜಾಯಾ ಬರಲಿ ನನ್ನ ಜೊತೆ. ಇಲ್ಲೊಂದು ದೊಡ್ಡ ಹವಳ ಇದೆ ಅಂದಿದ್ದಳು. ಮನೆಯಷ್ಟು ದೊಡ್ಡದಂತೆ. ನಾಳೆ ನಾನು ಇರಲ್ಲ ಕ್ರಿಸ್ಪಿನ್, ಇವತ್ತು ಬಿಟ್ಟರೆ ಇಲ್ಲ."

"ಹಾಗೆ ಕೊಡೋಕೆ ಬರಲ್ಲ ಮೇಡಂ. ಗೈಡು ಕೊಡೋದು ಹೊಸಬರಿಗೆ ಜೊತೆ ಇಲ್ಲದಾಗ. ನಿಮಗೆ ಅನುಭವಸ್ಥರಾದ ಗಂಡ ಇದ್ದಾರೆ. ಶಾರ್ಕು ಕೊಂದವರು. ಅವರು ಬರ್ತಾರಲ್ಲ."

"ಕೆಜಾಯಾನ ನಾನೂ ಬಿಡಲ್ಲ," ಅಂದಳು ಟಾಂಟಿ. "ಮಧ್ಯಾಹ್ನ ಇನ್ನೊಂದು ಬಲೆ ಬಿಡಬೇಕು. ಹಗ್ಗಕ್ಕೆ ಒಂದು ಆಳು ಕಮ್ಮಿ ಆಗುತ್ತೆ."

ಜೆಮ್ಮಾಳ ಮುಖದ ನಗು ಆರಿತು. ಕೂಗಲಿಲ್ಲ, ಬೈಯಲಿಲ್ಲ. ತರಚಿದ ಗೆಣ್ಣನ್ನು ಬಾಯಿಗಿಟ್ಟುಕೊಂಡು ನಿಂತಳು. ಬೆಳಿಗ್ಗೆಯಿಂದ ಅಷ್ಟು ಬೈದವಳು ಸುಮ್ಮನಾದದ್ದು ನೋಡಿ ಹಾಲಿಸ್‌ಗೆ ಜಿಪ್ಪು ಇನ್ನೂ ಬಿಗಿಯಾಯಿತು.

ಕಾನ್‌ಸ್ಟೇಬಲ್ ಟ್ರಿಮ್‌ಗೆ ಈಗ ಕಾನೂನು ಹೊಳೆದಿತ್ತು. ಅವನು ಬಲೆಯ ಅಂಚಿಗೆ ಬಂದು, ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡ. "ಮಿಸ್ಟರ್ ಟೆಲೆಮಾಕ್, ವಿಷಯ ಬಹಳ ಸರಳ. ಒಂದೇ ಪ್ರಶ್ನೆ. ನೀವು ನಿಜವಾಗಿ ಮುಳುಗುಗಾರರಾದರೆ, ಬಲೆಗೆ ಕೆಲಸ ಮಾಡೋಕೆ ಇಳಿದವರು. ಕೆಲಸಗಾರರನ್ನ ಪಾಲು ಮಾಡೋ ಹಾಗಿಲ್ಲ. ನಿಮ್ಮ ಬಿಡುಗಡೆ. ಈಗಲೇ ಹೋಗಿ ಹೆಂಡತಿ ಜೊತೆ ದೋಣಿ ಹತ್ತಬಹುದು. ಮುಳುಗುಗಾರರು ಅಲ್ಲ ಅನ್ನೋದಾದರೆ, ಸುಮ್ಮನೆ ತೇಲ್ತಾ ಇದ್ದು ಬಲೆಗೆ ಬಿದ್ದವರು. ಅಂದರೆ ಮಾಲು. ಟಾಂಟಿ ಬಿಡೋವರೆಗೆ ಇಲ್ಲೇ. ಯಾವುದು ಹೇಳಿ."

ಕ್ರಿಸ್ಪಿನ್ ಕಣ್ಣು ಹೊಡೆದ. "ಹೇಳಿ ಸಾರ್, ಹೇಳಿಬಿಡಿ. ದೋಣಿ ಕಾಯ್ತಿದೆ. ನಲವತ್ತು ಅಡಿ ಅಷ್ಟೇ."

ಹಾಲಿಸ್ ನಲವತ್ತು ಅಡಿ ಎಷ್ಟು ಎಂದು ಪೈಪಿನ ಲೆಕ್ಕದಲ್ಲಿ ಹಾಕಿದ. ಉದ್ದದ ಪೈಪು ಎರಡು, ನೆಟ್ಟಗೆ ಕೆಳಕ್ಕೆ. ಮುಳುಗುಗಾರ ಅಂದರೆ ಮರ್ಯಾದೆ ಉಳಿಯುತ್ತದೆ. ಕಟ್ಟೆಯವರೆಗೆ ನಡೆದು ಹೋಗಿ ಮತ್ತೆ ಕಿವಿ ನೋವು ತರಿಸಿಕೊಳ್ಳಬಹುದು. ಜೆಮ್ಮಾ ಇನ್ನೊಂದು ಮಧ್ಯಾಹ್ನ ಅವನ ಮುಖ ನೋಡುತ್ತ ಕೂರುತ್ತಾಳೆ. ದೋಣಿ ಹೋಗುತ್ತದೆ. ಎಳನೀರಿನವನು ಕೂಡ ಕತ್ತಿ ಹಿಡಿದುಕೊಂಡು ಬಂದು ಮುಂದಿನ ಸಾಲಿನಲ್ಲಿ ನಿಂತಿದ್ದ.

ಹಾಲಿಸ್ ಮೀನಿನ ರಾಶಿಯ ಮೇಲೆ ಕುಕ್ಕರಿಸಿದ.

"ನಾನು ಮಾಲು," ಅಂದ.

"ಏನು?" ಅಂದ ಕ್ರಿಸ್ಪಿನ್.

"ಕೇಳಿಸಲಿಲ್ವೇ? ಮಾಲು! ಸರಕು! ಮೀನು ಅಂತ ಇಟ್ಟುಕೊಳ್ಳಿ! ಸೊಂಟದಿಂದ ಮೇಲಕ್ಕೆ ನೀರು ಬಂದರೆ ನನಗೆ ಅಳು ಬರುತ್ತೆ. ಟೋಕೋನೂ ಇಲ್ಲ, ಗುದ್ದಾಟಾನೂ ಇಲ್ಲ. ಆ ಶಾರ್ಕು ನನಗೆ ಸಿಕ್ಕಿದಾಗ ಬರೀ ದವಡೆ ಆಗಿತ್ತು, ಅದಕ್ಕೂ ಚೌಕಾಸಿ ಮಾಡಿದ್ದೆ! ನನ್ನ ಹೆಂಡತಿಗೆ ಜೋಡಿ ಇಲ್ಲ. ಆಕೆ ಹೊಸಬಳು. ಈಗ ಗೈಡು ಕೊಡ್ತೀಯೋ ಇಲ್ಲವೋ?"

ಎಳನೀರಿನವನು ಕತ್ತಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟಿದ. ಊರೆಲ್ಲ ತಟ್ಟಿತು. ಮೊದಲಿನದಕ್ಕಿಂತ ಇದು ಜೋರಾಗಿತ್ತು.

ಜೆಮ್ಮಾ ಗಂಡನನ್ನೇ ನೋಡಿದಳು, ಬೆಳಗಿನ ಹಾಗಲ್ಲ. "ಇಷ್ಟು ವರ್ಷ ಎಲ್ಲಿ ಇಟ್ಟುಕೊಂಡಿದ್ದೆ ಈ ಮಾತನ್ನ?" ಅಂದಳು. ಉತ್ತರಕ್ಕೆ ಕಾಯದೆ ಟಾಂಟಿ ಕಡೆ ತಿರುಗಿದಳು. "ಟಾಂಟಿ, ಬಲೆಗೆ ಕೈ ಹಚ್ಚಿದವರಿಗೆ ಪಾಲು ತಾನೇ? ನಾನು ಕೆಳಗಿಂದ ಹಚ್ಚಿದ್ದೀನಿ."

"ಹಚ್ಚಿದ್ದೀಯಮ್ಮ. ನೀನಿಲ್ಲದಿದ್ದರೆ ಇವತ್ತು ಬಲೆ ಚಿಂದಿ. ಏನು ಬೇಕೋ ಆರಿಸ್ಕೋ. ದೊಡ್ಡ ಮೀನು ಕೊಡಲೋ? ಇದನ್ನ ಕೊಡಲೋ?" ಎಂದು ಟಾಂಟಿ ಕಾಲಿನಿಂದ ಹಾಲಿಸ್‌ನನ್ನು ತೋರಿಸಿದಳು.

"ಎರಡೂ ಬೇಡ. ಮಧ್ಯಾಹ್ನಕ್ಕೆ ಕೆಜಾಯಾನ ಕೊಡಿ. ಹಗ್ಗಕ್ಕೆ ಆಳು ಕಮ್ಮಿ ಆಗುತ್ತಲ್ಲ, ಇವನನ್ನ ಇಟ್ಕೊಳ್ಳಿ. ಇಡಿಯಾಗಿ. ಮೇಲರ್ಧ ಕೆಲಸ ಕೊಟ್ಟರೆ ಸುಮ್ಮನಿರುತ್ತೆ."

ಟಾಂಟಿ ಹಾಲಿಸ್‌ನ ತೋಳು ಹಿಸುಕಿ ನೋಡಿದಳು, ಸಂತೆಯಲ್ಲಿ ಕೋಳಿ ನೋಡುವ ಹಾಗೆ. ಕೆಜಾಯಾಳ ತೋಳಿಗೆ ಹೋಲಿಸಿ ನಿಟ್ಟುಸಿರು ಬಿಟ್ಟಳು. "ನಷ್ಟ ನಂದೇ. ಆದರೂ ಆಗಲಿ. ಹೋಗೇ ಹುಡುಗಿ, ಆಯಮ್ಮನ್ನ ಕರ್ಕೊಂಡು ಹೋಗು."

ಜೆಮ್ಮಾ ಹೊರಟಳು. ಕಪ್ಪೆಪಾದ ಕೈಯಲ್ಲಿ, ಕೆಜಾಯಾ ಪಕ್ಕದಲ್ಲಿ, ಕಟ್ಟೆಯ ಕಡೆಗೆ.

"ಜೆಮ್ಮಾ! ಎಡಗಡೆ ಗುಂಡಿ ಒತ್ತಬೇಡ! ಊಟದ ಹೊತ್ತಿಗೆ ಬಂದುಬಿಡು!" ಎಂದು ಹಾಲಿಸ್ ಕೂಗಿದ.

ಆಕೆ ಒಂದು ಕೈ ಮೇಲೆತ್ತಿದಳು. ತಿರುಗಲಿಲ್ಲ.

ಊಟದ ಹೊತ್ತು ಬಂತು. ಊರಿನವರು ಬಾಣಲೆ ಇಟ್ಟು ಮೀನು ಕರಿದರು, ಹಲಸಿನಂಥ ಬ್ರೆಡ್‌ಫ್ರೂಟನ್ನು ಕೆಂಡದಲ್ಲಿ ಸುಟ್ಟರು. ಹಾಲಿಸ್ ಸಿಪ್ಪೆಯನ್ನು ರೆಸಾರ್ಟಿಗೆ ಒಪ್ಪಿಸಿ, ಚಡ್ಡಿಯಲ್ಲಿ ಕೂತು, ಎಲ್ಲರಿಗಿಂತ ಹೆಚ್ಚು ತಿಂದ. ಮುಳ್ಳು ತೆಗೆದ ಒಂದು ತುಂಡನ್ನು ಎಲೆಯಲ್ಲಿ ಕಟ್ಟಿ ಪಕ್ಕಕ್ಕಿಟ್ಟ. ಮತ್ತೆ ಶಂಖ ಕೂಗಿತು. ಹಗ್ಗದಲ್ಲಿ ಅವನನ್ನು ಟಾಂಟಿಯ ಹಿಂದೆ ನಿಲ್ಲಿಸಿದರು. ಅಂಗೈ ಸುಟ್ಟಿತು, ಸೊಂಟ ಹಿಡಿಯಿತು. ಟಾಂಟಿ ಒಂದೊಂದು ಹೆಜ್ಜೆಗೂ ಬೈದಳು. ಅರ್ಧ ಹಗ್ಗ ಬರುವಷ್ಟರಲ್ಲಿ ಅವನಿಗೆ ಲಯ ಸಿಕ್ಕಿತು, ಶಾಲೆಯ ಮೇಡಂ ಹಾಡಿದ ಹಾಡಿಗೆ ಅವನೂ ದನಿಗೂಡಿಸಿದ.

ದೋಣಿ ಕಟ್ಟೆಗೆ ಬಂತು. ಹಾಲಿಸ್ ಎಲೆಯ ಪೊಟ್ಟಣ ಹಿಡಿದು ಓಡಿದ. ಉಳಿದ ಅತಿಥಿಗಳು ಒಬ್ಬೊಬ್ಬರಾಗಿ ಇಳಿದರು. ಜೆಮ್ಮಾ ಇಳಿಯಲಿಲ್ಲ. ದೋಣಿಯಲ್ಲೇ ಮೊಣಕಾಲೂರಿ ಕೂತು, ಕೆಜಾಯಾಳಿಗೆ ಎರಡೂ ಕೈ ಅಗಲಿಸಿ ಏನನ್ನೋ ಅಳತೆ ತೋರಿಸುತ್ತಿದ್ದಳು. ಗಂಡನನ್ನು ಕಂಡು ಮುಖ ಎತ್ತಿದಳು.

"ಹಾಲಿಸ್! ಆ ಸಿಲಿಂಡರು ಕೊಡು, ಬೇಗ! ಆ ತಿರುವಿನ ಹತ್ತಿರ ಒಂದು ಆಮೆ ಇದೆ!"

"ಊಟ?"

"ಆಮೇಲೆ!"

ಅವನು ಸಿಲಿಂಡರನ್ನು ಎರಡೂ ಕೈಯಲ್ಲಿ ತಬ್ಬಿ ಎತ್ತಿ, ಕಟ್ಟೆಯ ಅಂಚಿಗೆ ಹೊಟ್ಟೆ ಊರಿ ಮಲಗಿ, ನೀರಿನ ಕಡೆ ನೋಡದೆ ಕೆಳಗಿಳಿಸಿಕೊಟ್ಟ. ಎಲೆಯ ಪೊಟ್ಟಣವನ್ನೂ ಹಿಂದೆಯೇ ಇಳಿಬಿಟ್ಟ. ದೋಣಿ ತಿರುಗಿತು. ಬಿಳಿ ಗೆರೆಯೊಂದನ್ನು ಎಳೆದುಕೊಂಡು ಬಂಡೆಯ ಆಚೆಗೆ ಹೋಯಿತು.

ಸಂಜೆ ಬೆಟ್ಟದಾಚೆಯ ಊರಿನಿಂದ ಮೀನು ಕೊಳ್ಳಲು ಬಂದ ಹೆಂಗಸೊಬ್ಬಳು ಹಗ್ಗ ಸುತ್ತುತ್ತಿದ್ದ ಹೊಸ ಮನುಷ್ಯನನ್ನು ನೋಡಿದಳು. "ನೀನು ಯಾರಪ್ಪ? ಒಬ್ಬನೇ ಬಂದಿದ್ದೀಯಾ? ಹೆಂಡತಿ ಎಲ್ಲಿ?"

ಹಾಲಿಸ್ ಎದೆ ಸೆಟೆಸಿ ಸಮುದ್ರದ ಕಡೆ ಕೈ ತೋರಿಸಿದ. "ಅಲ್ಲಿ. ಕೆಳಗೆ. ಎಂಬತ್ತು ಅಡಿ!"

"ನಲವತ್ತು," ಅಂದಳು ಟಾಂಟಿ.

"ನಲವತ್ತು ಮಧ್ಯಾಹ್ನ ಟಾಂಟಿ. ನನ್ನ ಹೆಂಡತೀನ ನೀವು ನೋಡಿಲ್ಲ."

"ಯಾವಾಗ ಬರ್ತಾಳೆ?" ಎಂದು ಕೇಳಿದಳು ಆ ಹೆಂಗಸು.

ಬಂಡೆಯ ಆಚೆ ದೋಣಿಯ ಸದ್ದೇ ಇರಲಿಲ್ಲ.

"ಬರೋ ಹಾಗೆ ಕಾಣಲ್ಲ," ಅಂದ ಹಾಲಿಸ್, ಊರಿಗೆಲ್ಲ ಕೇಳುವ ಹಾಗೆ.